ಮಧ್ಯದ ಪಿಂಡ

ಆ ಬಾಟಲಿಯನ್ನು ನಾನು ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಗಾಜಿನ ಬಾಟಲಿ, ಅಗಲ ಬಾಯಿ, ತಿರುಗಿಸುವ ಮುಚ್ಚಳ. ಬಚ್ಚಲುಮನೆಯ ಬಾಗಿಲು ಒಂದಿಷ್ಟೇ ತೆರೆದು ನನ್ನ ಗಂಡ ಅದನ್ನು ಆಚೆ ಚಾಚುತ್ತಿದ್ದರು. ಮುಖ ತೋರಿಸುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು, ಆ ಕೈ ನಡುಗುತ್ತಿತ್ತು. ನಾನು ಅದನ್ನು ಕರ್ಚೀಫಿನಲ್ಲಿ ಸುತ್ತಿ, ಲಂಗದ ಲಾಡಿಗೂ ಹೊಟ್ಟೆಗೂ ನಡುವೆ ಇಟ್ಟು, ಮೇಲೆ ನೆರಿಗೆ ಸಿಕ್ಕಿಸಿ, ಸೆರಗು ಎಳೆದು ಮುಚ್ಚಿಕೊಳ್ಳುತ್ತಿದ್ದೆ. ಮೈಯ ಬಿಸಿ ಅದಕ್ಕೆ ತಾಗುತ್ತಲೇ ಇರಬೇಕು, ಒಂದು ಗಂಟೆಯೊಳಗೆ ಜಯನಗರದ ಕ್ಲಿನಿಕ್ಕು ಸೇರಬೇಕು ಎಂದು ಡಾಕ್ಟರು ಹೇಳಿದ್ದರು.

ಬನಶಂಕರಿ ಎರಡನೇ ಹಂತದ ನಮ್ಮ ಮನೆಯಿಂದ ಜಯನಗರ ದೂರವೇನಲ್ಲ. ಆದರೆ ಆಟೋ ಸಿಗಬೇಕಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಬೀದಿ ದಾಟಿದರೆ ಕತ್ರಿಗುಪ್ಪೆಯ ಕಡೆ ಇನ್ನೂ ರಾಗಿ ಬೆಳೆಯುತ್ತಿದ್ದರು, ಆಟೋದವರು ಈ ಕಡೆ ಬರಲು ಮೂಗು ಮುರಿಯುತ್ತಿದ್ದರು. ಸಿಗದಿದ್ದರೆ ಬಸ್ಸು. ಒಂದು ಕೈ ಕಂಬಿಗೆ, ಇನ್ನೊಂದು ಕೈ ಹೊಟ್ಟೆಗೆ. ಒಮ್ಮೆ ಹಾಗೆ ನಿಂತಿದ್ದಾಗ ಒಬ್ಬ ಹೆಂಗಸು ಎದ್ದು ಸೀಟು ಕೊಟ್ಟಳು.

"ಕೂತ್ಕೊಳ್ಳಿ ಅಕ್ಕ. ಎಷ್ಟು ತಿಂಗಳು?" ಅಂದಳು.

"ಮೂರು" ಅಂದೆ. ಹೇಳಿ ಕೂತೆ. ಇಳಿಯುವತನಕ ಕಿಟಕಿಯಿಂದ ಆಚೆಯೇ ನೋಡುತ್ತಿದ್ದೆ, ಅವಳು ಇನ್ನೊಂದು ಪ್ರಶ್ನೆ ಕೇಳದಿರಲಿ ಎಂದು.

ನಾನು ಜಯನಗರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಗಂಡನಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ನಾವಿಬ್ಬರು, ಜೊತೆಗೆ ಗಂಡ ಸತ್ತಮೇಲೆ ಮಡಿಯನ್ನೇ ಹಾಸಿ ಹೊದ್ದುಕೊಂಡಿದ್ದ ನಮ್ಮತ್ತೆ. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ಬಂದ ನನ್ನನ್ನು ಮೊದಲ ಎರಡು ವರ್ಷ ಅವರು ಏನೂ ಕೇಳಲಿಲ್ಲ. ಆಮೇಲೆ ಕೇಳುವುದನ್ನು ನಿಲ್ಲಿಸಲಿಲ್ಲ. ಅಶ್ವತ್ಥಕಟ್ಟೆ ಸುತ್ತಿದೆ. ನಾಗರಕಲ್ಲಿಗೆ ಹಾಲೆರೆದೆ. ಯಾರೋ ಕೊಟ್ಟ ಬೇರನ್ನು ಅರೆದು ಕುಡಿದು ವಾಂತಿ ಮಾಡಿಕೊಂಡೆ. ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶವನ್ನು ಎರಡು ಸಲ ಕೆರೆದು ನೋಡಿದರು, ಗಾಳಿ ಹಾಕಿ ನೋಡಿದರು, ಬಣ್ಣ ಹಾಕಿ ಫೋಟೋ ತೆಗೆದರು. ಇಷ್ಟೆಲ್ಲ ಆಗುವವರೆಗೆ ನನ್ನ ಗಂಡನನ್ನು ಯಾರೂ ಏನೂ ಕೇಳಲಿಲ್ಲ. ಗಂಡಸಿಗೆ ಮೀಸೆ ಇದೆ, ನೌಕರಿ ಇದೆ, ಇನ್ನೇನು ಪರೀಕ್ಷೆ?

ಇದಕ್ಕಿಂತ ನನ್ನನ್ನು ಸುಟ್ಟದ್ದು ಪ್ರತಿ ತಿಂಗಳ ಹೊರಗೆ ಕೂರುವ ಶಾಸ್ತ್ರ. ಹಿತ್ತಲಿನ ಕೋಣೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಮಾಡಿ ಬಂದು ಅಲ್ಲಿ ಕೂರಬೇಕು. ಅತ್ತೆ ಮೇಲಿನಿಂದ ಅನ್ನ ಹಾಕುವಾಗ ಏನೂ ಅನ್ನುತ್ತಿರಲಿಲ್ಲ, ಒಂದು ನಿಟ್ಟುಸಿರು ಬಿಡುತ್ತಿದ್ದರು ಅಷ್ಟೆ. ಕಾಂಪೌಂಡಿನ ಆ ಕಡೆಯಿಂದ ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಾ, "ಓ, ಈ ತಿಂಗಳೂ ಆಚೇನಾ?" ಎಂದು ಕೇಳುತ್ತಿದ್ದಳು. ಬೇರೆ ಹೆಂಗಸರಿಗೆ ಅದು ಮೂರು ದಿನದ ಬಿಡುವು. ನನಗೆ ಅದು ಬೀದಿಗೆಲ್ಲ ಡಂಗುರ ಸಾರಿದ ಹಾಗೆ. ಕೊನೆಕೊನೆಗೆ 'ಹೊರಗಾದೆ' ಎಂಬ ಮಾತು ನನ್ನ ಬಾಯಿಗೇ ಬರುತ್ತಿರಲಿಲ್ಲ. ಬೆಳಿಗ್ಗೆ ಸುಮ್ಮನೆ ಎದ್ದು ಹೋಗಿ ಚಾಪೆಯ ಮೇಲೆ ಕೂತುಬಿಡುತ್ತಿದ್ದೆ. ಕಂಡವರು ತಿಳಿದುಕೊಳ್ಳಲಿ ಎಂದು.

ಕೊನೆಗೆ ಒಬ್ಬ ಲೇಡಿ ಡಾಕ್ಟರು ನನ್ನ ಕಾಗದಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, "ಯಜಮಾನರಿಗೆ ಟೆಸ್ಟ್ ಆಗಿದ್ಯಾ?" ಎಂದು ಕೇಳಿದರು. ಆಗಿರಲಿಲ್ಲ. ಮಾಡಿಸಿದೆವು. ವೀರ್ಯಾಣುಗಳ ಕೌಂಟ್ ತೀರಾ ಕಡಿಮೆ, ಇರುವುದರಲ್ಲೂ ಚಲಿಸುವವು ಬೆರಳೆಣಿಕೆ. ನನ್ನಲ್ಲಿ ಏನೂ ಕೊರತೆಯಿಲ್ಲ. ಅಲ್ಲಿಂದ ಆಚೆ ಬಂದು ಫುಟ್‌ಪಾತಿನ ಮೇಲೆ ನಿಂತಾಗ ನನ್ನ ಗಂಡ ಹೇಳಿದ್ದು ಒಂದೇ ಮಾತು.

"ಅಮ್ಮಂಗೆ ಹೇಳ್ಬೇಡ ಕಣೆ."

ನಾನು ಹೇಳಲಿಲ್ಲ. ಅವರು ಕೆಟ್ಟವರಲ್ಲ. ಜೋರಾಗಿ ಮಾತಾಡಿದವರಲ್ಲ, ಸಂಬಳದ ದಿನ ಜಯನಗರ ಫೋರ್ತ್ ಬ್ಲಾಕಿನಿಂದ ಮಲ್ಲಿಗೆ ತರುವುದನ್ನು ಮರೆತವರಲ್ಲ. ಅಲ್ಲಿ ಬಿಸಿಲಲ್ಲಿ ನಿಂತಿದ್ದ ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಬಂಜೆ ಎಂಬ ಮಾತನ್ನು ಆಗಲೇ ಹೊತ್ತಾಗಿದೆ, ಇನ್ನಷ್ಟು ದಿನ ಹೊತ್ತರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ಏನು ಹೋಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ಶುರುವಾಯಿತು ಚಿಕಿತ್ಸೆ. ಆ ಕಾಲದಲ್ಲಿ ಗಂಡಸರ ಈ ತೊಂದರೆಗೆ ಇಂಥದ್ದೇ ಔಷಧಿ ಎಂದು ಯಾರಿಗೂ ಖಚಿತವಾಗಿ ಗೊತ್ತಿದ್ದಂತೆ ಕಾಣಲಿಲ್ಲ. ಬಿಗಿ ಚಡ್ಡಿ ಬೇಡ ಎಂದರು. ಸೈಕಲ್ ಬಿಡಿ ಎಂದರು, ಗಂಡ ಬಿಟ್ಟು ಬಸ್ಸು ಹಿಡಿದರು. ದಿನಾ ಅಲ್ಲಿಗೆ ತಣ್ಣೀರು ಸುರಿದುಕೊಳ್ಳಿ ಎಂದು ಒಬ್ಬರು ಹೇಳಿದರು. ಡಿಸೆಂಬರ್ ಚಳಿಯಲ್ಲಿ ಬಚ್ಚಲಿನಿಂದ ಚೊಂಬುಚೊಂಬು ನೀರಿನ ಸದ್ದು ಕೇಳಿದರೆ ಅತ್ತೆ ಹೊರಗಿನಿಂದ, "ಹಂಡೆ ತುಂಬ ಬಿಸಿನೀರಿದೆ, ಶೀತ ಆಗತ್ತೆ ಕಣೋ" ಎಂದು ಕೂಗುತ್ತಿದ್ದರು. ಆಮೇಲೆ ಒಬ್ಬರು ಹೆಂಗಸರಿಗೆ ಅಂಡ ಬಿಡಲು ಕೊಡುವ ಮಾತ್ರೆಯನ್ನೇ ಇವರಿಗೂ ಬರೆದರು. ಕೆಲವರಿಗೆ ಕೆಲಸ ಮಾಡುತ್ತದಂತೆ, ನೋಡೋಣ ಎಂದರು. ನಾನು ನಕ್ಕೆ. ಗಂಡನಿಗೆ ನಗು ಬರಲಿಲ್ಲ. ಅತ್ತೆ ಕೇಳಿದಾಗ ಶಕ್ತಿಯ ಮಾತ್ರೆ ಎಂದೆವು. "ನೀನು ತಿನ್ನೋದು ಬಿಟ್ಟು ಅವನಿಗ್ಯಾಕೆ ತಿನ್ನಿಸ್ತೀಯ" ಎಂದು ನನಗೇ ಬೈಗುಳ.

ಹೀಗಿರುವಾಗ ಜಯನಗರದ ಆ ಕ್ಲಿನಿಕ್ಕಿಗೆ ವಿದೇಶದಲ್ಲಿ ಕೆಲಸದಲ್ಲಿದ್ದ ಒಬ್ಬ ಡಾಕ್ಟರು ಕೆಲವು ತಿಂಗಳ ಮಟ್ಟಿಗೆ ಬಂದರು. ಟೆಸ್ಟ್‌ಟ್ಯೂಬ್ ಮಗುವಿನ ಸುದ್ದಿ ಪತ್ರಿಕೆಗಳಲ್ಲಿ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಅದು ನಮ್ಮಂಥವರ ಕೈಗೆಟಕುವ ಮಾತಲ್ಲ. ಈ ಡಾಕ್ಟರು ಮಾಡುತ್ತಿದ್ದುದು ಅದಕ್ಕಿಂತ ಸಣ್ಣದು. ಗಂಡನ ವೀರ್ಯವನ್ನು ಒಂದು ದ್ರವದಲ್ಲಿ ತೊಳೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಚುರುಕಾಗಿರುವವನ್ನಷ್ಟೇ ಆರಿಸಿ, ತೆಳು ಕೊಳವೆಯಿಂದ ನೇರ ಗರ್ಭಕೋಶಕ್ಕೆ ಬಿಡುವುದು.

"ನೋಡಿಮ್ಮಾ, ಇದು ಇನ್ನೂ ಪ್ರಯೋಗ. ಆಗತ್ತೆ ಅಂತ ನಾನು ಹೇಳಲ್ಲ. ಆಗಲ್ಲ ಅಂತಾನೂ ಹೇಳಲ್ಲ" ಎಂದರು. ಅಷ್ಟು ವರ್ಷದಲ್ಲಿ ನನಗೆ ಸುಳ್ಳು ಹೇಳದ ಮೊದಲ ಗಂಡಸು ಅವರು.

ಕ್ಲಿನಿಕ್ಕಿನ ಬಾತ್‌ರೂಮಿನಲ್ಲೇ ಕೊಡಬಹುದಿತ್ತು. ಹೊರಗೆ ಬೆಂಚಿನ ಮೇಲೆ ಜನ ಕೂತಿರುತ್ತಾರೆ, ನನ್ನ ಕೈಲಾಗಲ್ಲ ಎಂದರು ಗಂಡ. ಹಾಗಾಗಿ ಮನೆಯ ಬಚ್ಚಲು, ಹಾಗಾಗಿ ನನ್ನ ಸೊಂಟ. ಅತ್ತೆ ಹೂವು ಕೀಳಲು ಹಿತ್ತಲಿಗೆ ಹೋದ ಹೊತ್ತು ನೋಡಿಕೊಂಡು ಹೊರಡುತ್ತಿದ್ದೆ. ಶಾಲೆಯಲ್ಲಿ ಬೆಳಿಗ್ಗೆ ಮೀಟಿಂಗ್ ಎಂದು ಸುಳ್ಳು. ಮೊದಲ ತಿಂಗಳು ಆಗಲಿಲ್ಲ, ಹಿತ್ತಲಿನ ಕೋಣೆಗೆ ಹೋಗಿ ಕೂತೆ. ಎರಡನೇ ತಿಂಗಳೂ ಕೂತೆ.

ಮೂರನೇ ಸಲದ್ದು ಬೇರೆ ಮಾತು. ಮಾತ್ರೆಯೋ ತಣ್ಣೀರೋ, ಯಾವುದರ ಪುಣ್ಯವೋ, ಗಂಡನ ಕೌಂಟ್ ಆ ತಿಂಗಳು ಏರಿತ್ತು. ಡಾಕ್ಟರೇ ಎರಡು ಸಲ ನೋಡಿದರು. ಅಂಡ ಬೆಳೆಯಲೆಂದು ನನಗೆ ಚುಚ್ಚುತ್ತಿದ್ದ ಇಂಜೆಕ್ಷನ್ನುಗಳೂ ಚೆನ್ನಾಗಿ ಕೆಲಸ ಮಾಡಿದ್ದವು. ಸೋಮವಾರ ಸಂಜೆ ಅಂಡ ಬಿಡಿಸುವ ಕೊನೆಯ ಇಂಜೆಕ್ಷನ್ ಚುಚ್ಚಿ, "ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ತಂದುಬಿಡಿ. ಇದು ಕೊಟ್ಟಮೇಲೆ ಹಿಂದೆ ಮುಂದೆ ಮಾಡೋಕಾಗಲ್ಲ" ಎಂದರು. ಆಮೇಲೆ, "ನಾನು ಈ ತಿಂಗಳ ಕೊನೇಲಿ ವಾಪಸ್ ಹೋಗ್ತಿದೀನಿ. ಮೆಷಿನ್ ಇಲ್ಲೇ ಇರತ್ತೆ, ಮಾಡೋರು ಇರಲ್ಲ. ಇದೇ ಕೊನೇದು" ಎಂದರು.

ಆ ವಾರದಲ್ಲೇ ಮಾವನವರ ತಿಥಿ ಇತ್ತು. ನನಗೆ ಗೊತ್ತಿತ್ತು. ಅತ್ತೆ ಮೈಸೂರಿನ ಮಗಳ ಮನೆಗೆ ಹೋಗಿದ್ದರಿಂದ ನಾನೇ ಗೋಡೆಯ ಕ್ಯಾಲೆಂಡರ್ ನೋಡಿದ್ದೆ. ಸಪ್ತಮಿ ಎಂದು ಗುರುವಾರದ ಮನೆಯಲ್ಲಿ ಅಚ್ಚಾಗಿತ್ತು. ತಿಥಿಯ ದಿನ, ಅದರ ಹಿಂದಿನ ದಿನ, ತಿಥಿ ಮಾಡುವವನು ಬ್ರಹ್ಮಚರ್ಯದಲ್ಲಿರಬೇಕು. ಬುಧವಾರ ಹಿಂದಿನ ದಿನವಾಯಿತಲ್ಲ ಎಂದು ಗಂಡ ರಾಗ ಎಳೆದರು. ಹಿಂದಿನ ದಿನದ ನೇಮ ಊಟವಾದಮೇಲೆ ಶುರುವಾಗುತ್ತದೆ, ಬೆಳಿಗ್ಗೆ ಏನಾದರೇನು ಎಂದು ನಾನೇ ಒಂದು ಶಾಸ್ತ್ರ ಹುಟ್ಟಿಸಿ ಒಪ್ಪಿಸಿದೆ. ಹೂಂ ಎಂದರು.

ಮಂಗಳವಾರ ಬೆಳಿಗ್ಗೆ ಅತ್ತೆ ಮೈಸೂರಿನಿಂದ ಬಂದಿಳಿದರು. ಚೀಲ ಇಳಿಸುವುದಕ್ಕೆ ಮುಂಚೆಯೇ ಅಡಿಗೆಮನೆಗೆ ಇಣುಕಿ, "ಏನೇ ಇದು, ನಾಳೆ ತಿಥಿ, ಬಾಳೆಕಾಯಿ ಇಲ್ಲ, ಉದ್ದಿಲ್ಲ, ಎಳ್ಳಿಲ್ಲ?" ಎಂದರು.

"ನಾಡಿದ್ದಲ್ವಾ ಅತ್ತೆ? ಕ್ಯಾಲೆಂಡರಲ್ಲಿ ಗುರುವಾರ ಇದೆ."

"ಕ್ಯಾಲೆಂಡರ್ ನೋಡ್ಕೊಂಡು ಯಾರಾದ್ರೂ ತಿಥಿ ಮಾಡ್ತಾರೇನೇ? ಅದು ಬೆಳಿಗ್ಗೆ ಸೂರ್ಯ ಹುಟ್ಟೋವಾಗ ಇರೋ ತಿಥಿ ಹಾಕಿರ್ತಾರೆ. ಶ್ರಾದ್ಧಕ್ಕೆ ಮಧ್ಯಾಹ್ನದ ಮೇಲೆ ಇರಬೇಕು. ಗುರುವಾರ ಮಧ್ಯಾಹ್ನಕ್ಕೆ ಸಪ್ತಮಿ ಎಲ್ಲಿರತ್ತೆ? ಪುರೋಹಿತರಿಗೆ ನಾನು ಹೋಗೋ ಮುಂಚೇನೇ ಹೇಳಿದೀನಿ, ಬುಧವಾರ ಅಂತ."

ಮೇಷ್ಟರಿಕೆ ಮಾಡುವವಳು, ಪಂಚಾಂಗ ಗೊತ್ತಿರುವ ಮನೆಯಲ್ಲೇ ಹುಟ್ಟಿದವಳು, ಕ್ಯಾಲೆಂಡರಿನ ಒಂದು ಚೌಕ ನಂಬಿ ಕೂತಿದ್ದೆ. ಇಂಜೆಕ್ಷನ್ ಆಗಲೇ ಮೈಯಲ್ಲಿ ಹರಿಯುತ್ತಿತ್ತು.

ಸಂಜೆ ಗಂಡ ಆಫೀಸಿನಿಂದ ಬಂದಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕರೆದು ಹೇಳಿದೆ. ಅವರು ಕಲ್ಲಿನ ಮೇಲೆ ಕೂತುಬಿಟ್ಟರು.

"ಹಾಗಾದ್ರೆ ಆಗಲ್ಲ" ಎಂದರು.

"ಐದು ಗಂಟೆಗೆ ಎದ್ದು, ಸ್ನಾನಕ್ಕೆ ಮುಂಚೆ ಕೊಟ್ಬಿಡಿ. ಆಮೇಲೆ ಮಡಿ ಉಟ್ಕೊಳಿ. ಒಂದು ಗಂಟೆ ಮೀರಿದ್ರೂ ಮೀರ್ಲಿ, ನಾನು ಡಾಕ್ಟರ ಕೈಕಾಲು ಹಿಡಿದು ಬೇಗ ಬನ್ನಿ ಅಂತೀನಿ."

"ಅಪ್ಪನ ತಿಥಿ ದಿನ ಆ ಕೆಲಸ ಮಾಡೋದಾ? ಮಾಡಿ ಅದೇ ಕೈಲಿ ಪಿಂಡ ಇಡೋದಾ?"

"ನಾಳೆ ನಿಮಗೆ ಪಿಂಡ ಇಡೋಕೆ ಒಬ್ಬ ಬೇಕಲ್ರೀ. ಅದಕ್ಕೇ ತಾನೇ ಇಷ್ಟೆಲ್ಲ? ನಿಮ್ಮಪ್ಪ ಬೇಡ ಅಂತಾರಾ?"

ಅವರು ತಲೆ ತಗ್ಗಿಸಿದರು. ನಾನು ಬಿಡಲಿಲ್ಲ. ಅತ್ತೆಗೆ ನಿಜ ಹೇಳೋಣ, ಅವರೇ ಏನಾದರೂ ದಾರಿ ತೋರಿಸುತ್ತಾರೆ ಎಂದೆ. ಅದಕ್ಕೆ ತಲೆಯೆತ್ತಿ, "ಹೇಳಿದ್ರೆ ನಾನು ಮನೇಲಿರಲ್ಲ" ಎಂದರು. ಮೆತ್ತಗೆ ಮಾತಾಡುವವರ ಹಟ ಬಲು ಗಟ್ಟಿ. ಕೂಗಾಡುವವರಾದರೆ ಎದುರು ಕೂಗಾಡಿ ಗೆಲ್ಲಬಹುದು. ಅಡಿಗೆಮನೆಯಿಂದ ಅತ್ತೆ, ಇವತ್ತು ಒಪ್ಪತ್ತು, ರಾತ್ರಿ ಫಲಾಹಾರಕ್ಕೆ ಅವಲಕ್ಕಿ ನೆನೆಹಾಕು ಎಂದು ಕೂಗಿದರು. ನಾನು ಹೋಗಿ ಅವಲಕ್ಕಿ ನೆನೆಹಾಕಿದೆ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಒದ್ದೆ ಸೀರೆಯಲ್ಲಿ ಒರಳಿನ ಮುಂದೆ ಕೂತು ವಡೆಗೆ ಉದ್ದು ರುಬ್ಬುತ್ತಿದ್ದೆ. ಜಯನಗರದಲ್ಲಿ ಡಾಕ್ಟರು ಕಾಯುತ್ತಿದ್ದಿರಬೇಕು. ಫೋನ್ ಮಾಡಲು ಅಂಗಡಿಗೆ ಹೋಗೋಣವೆಂದರೆ ಮಡಿ. ರುಬ್ಬುತ್ತಾ ಹೊಟ್ಟೆಯ ಒಂದು ಬದಿ ಸಣ್ಣಗೆ ನೋಯುತ್ತಿತ್ತು. ಅಂಡ ಬಿಡುವಾಗ ಕೆಲವರಿಗೆ ಹಾಗೆ ನೋಯುತ್ತದೆ ಎಂದು ಅವರೇ ಹೇಳಿದ್ದರು. ನಾನು ರುಬ್ಬುತ್ತಲೇ ಇದ್ದೆ, ಕಣ್ಣೀರು ಒರಳಿಗೆ ಬೀಳದಂತೆ ಭುಜಕ್ಕೆ ಒರೆಸಿಕೊಳ್ಳುತ್ತಾ. ಬಿದ್ದರೆ ಹಿಟ್ಟು ಮೈಲಿಗೆ.

ಮಧ್ಯಾಹ್ನ ಬ್ರಾಹ್ಮಣರ ಊಟವಾಯಿತು. ದರ್ಭೆಯ ಮೇಲೆ ಸಾಲಾಗಿ ಮೂರು ಪಿಂಡ. ಪುರೋಹಿತರು ನನ್ನ ಕಡೆ ನೋಡಿ, "ಸೊಸೆ ಇಲ್ಲಿ ಬರ್ಲಿ. ಮಧ್ಯದ ಪಿಂಡ ಹೆಂಡತಿಗೆ ಕೊಡಿ, ಪುತ್ರಪ್ರಾಪ್ತಿ ಆಗ್ಲಿ" ಎಂದರು. ಮಕ್ಕಳಿಲ್ಲದ ಹೆಂಗಸು ಆ ಪಿಂಡ ತಿಂದರೆ ಪಿತೃಗಳ ಆಶೀರ್ವಾದದಿಂದ ಗರ್ಭ ನಿಲ್ಲುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಾನು ಸೆರಗು ಒಡ್ಡಿ, ಅಂಗೈ ಚಾಚಿ ನಿಂತೆ. ನನ್ನ ಗಂಡ ಎಳ್ಳು ಮೆತ್ತಿದ ಆ ಅನ್ನದುಂಡೆಯನ್ನು ಎತ್ತಿ ನನ್ನ ಕೈಗೆ ಇಟ್ಟರು. ಅತ್ತೆ ಕಣ್ಣು ಮುಚ್ಚಿ ಕೈಮುಗಿದಿದ್ದರು. ಎಲ್ಲರ ಎದುರು ಗೋಡೆಗೆ ತಿರುಗಿ ನಿಂತು ತಿಂದೆ. ಉಪ್ಪಿಲ್ಲ, ಗಂಟಲಲ್ಲಿ ಇಳಿಯಲಿಲ್ಲ, ನೀರು ಕುಡಿದು ಇಳಿಸಿದೆ. ಆ ತಿಂಗಳು ಹಿತ್ತಲಿನ ಕೋಣೆಗೆ ಹೋಗಿ ಕೂತಾಗ ಅತ್ತೆಯ ನಿಟ್ಟುಸಿರು ಎಂದಿಗಿಂತ ಉದ್ದವಿತ್ತು. ಪಿತೃಗಳ ಕೈಲೂ ಆಗದ ಸೊಸೆ ನಾನು.

ಡಾಕ್ಟರು ಹೊರಟುಹೋದರು. ಗಂಡ ಮಾತ್ರೆ ನಿಲ್ಲಿಸಿದರು, ತಣ್ಣೀರು ನಿಲ್ಲಿಸಿದರು. ನಾವು ಅದರ ಮಾತೆತ್ತಲಿಲ್ಲ. ಆದರೆ ತಿಥಿ ಪ್ರತಿ ವರ್ಷ ಬರುತ್ತದಲ್ಲ. ಪ್ರತಿ ವರ್ಷ ಮಧ್ಯದ ಪಿಂಡ ತಿಂದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಕತ್ರಿಗುಪ್ಪೆಯ ಹೊಲಗಳಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದರು, ನನ್ನ ತಲೆಯಲ್ಲಿ ಬಿಳಿಕೂದಲು ಕಂಡಿತ್ತು. ಆ ವರ್ಷ ಪುರೋಹಿತರು ಮತ್ತೆ "ಸೊಸೆ ಬರ್ಲಿ" ಎಂದಾಗ ನನಗೆ ತಡೆಯಲಾಗಲಿಲ್ಲ.

"ನಾನು ತಿನ್ನಲ್ಲ. ದೋಷ ಯಾರಲ್ಲಿದ್ಯೋ ಅವರೇ ತಿನ್ಲಿ" ಎಂದೆ.

ಪುರೋಹಿತರು ತಿಳಿದವರು, ಪಿಂಡವನ್ನು ಹಸುವಿಗೆ ಹಾಕಿಸಿ ಮಂತ್ರ ಮುಂದುವರಿಸಿದರು. ಅವರೆಲ್ಲ ಹೋದಮೇಲೆ ಅತ್ತೆ ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು, ಏನೇ ಅದು ಎಂದು ಕೇಳಿದರು. ಹೇಳಿದೆ. ಬಾಟಲಿ, ಬಸ್ಸು, ತಣ್ಣೀರು, ಮಾತ್ರೆ, ಬುಧವಾರ, ಒಂದನ್ನೂ ಬಿಡಲಿಲ್ಲ. ಗಂಡ ಹೊರಗೆ ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಕೇಳಲಿ ಎಂದೇ ದನಿ ಏರಿಸಿ ಹೇಳಿದೆ. ಅತ್ತೆ ನನ್ನನ್ನು ಬೈಯುತ್ತಾರೆ, ಮಗನ ಮಾನ ತೆಗೆದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎಳ್ಳಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು.

"ಅಯ್ಯೋ ಹುಚ್ಚಿ" ಎಂದರು. "ನೀನು ಆಚೆ ಕೂತೆ ಅಂದಿದ್ರೆ ಸಾಕಿತ್ತಲ್ಲೇ."

ನನಗೆ ಅರ್ಥವಾಗಲಿಲ್ಲ.

"ತಿಥಿ ಮಾಡೋನ ಹೆಂಡತಿ ಹೊರಗಾದ್ರೆ ತಿಥಿ ಐದನೇ ದಿನಕ್ಕೆ ಹೋಗತ್ತೆ. ಶಾಸ್ತ್ರಾನೇ ಹೇಳತ್ತೆ. ಬುಧವಾರ ಹೋಗಿ ಚಾಪೆ ಮೇಲೆ ಕೂತಿದ್ರೆ ಯಾರು ಬಗ್ಗಿ ನೋಡ್ತಿದ್ರು? ನಾನು ಎಷ್ಟು ಸಲ ಮಾಡಿಲ್ಲ. ತವರಲ್ಲಿ ತಂಗಿ ಮದುವೆ ಇತ್ತು, ನಿಮ್ಮ ಮಾವನೋರು ಕಳಿಸಲ್ಲ, ಅಪ್ಪನ ತಿಥಿ ಇದೆ ಅಂದ್ರು. ಹೋಗಿ ಆಚೆ ಕೂತೆ. ತಿಥಿ ಮುಂದಕ್ಕೆ ಹೋಯ್ತು, ನಾನು ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಮದುವೆಗೆ ಹೋದೆ. ಸತ್ತೋರಿಗೆ ನಾಲ್ಕು ದಿನ ಕಾಯೋಕೆ ಏನು ಕಷ್ಟ?"

ಪ್ರತಿ ತಿಂಗಳು ನಾನು ಹೆದರುತ್ತಿದ್ದ ಆ ಚಾಪೆ. ಬಾಯಲ್ಲಿ ಹೇಳಲೂ ಹೇಸುತ್ತಿದ್ದ ಆ ಒಂದು ಮಾತು. ಅದನ್ನು ಒಂದೇ ಒಂದು ಸಲ, ಸುಳ್ಳಾಗಿ, ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು. ನನ್ನ ತವರಿನಲ್ಲಿ ಹೀಗೆ ಮುಂದೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಈ ಮನೆಯಲ್ಲಿ ನನಗೆ ಯಾರು ಹೇಳಬೇಕಿತ್ತು?

"ಇವನಿಗೆ ಗೊತ್ತಿತ್ತಲ್ಲೇ" ಎಂದರು ಅತ್ತೆ, ವರಾಂಡದ ಕಡೆ ತಲೆಯಾಡಿಸಿ. "ಆಗೆಲ್ಲ ಪುರೋಹಿತರ ಮನೆಗೆ ಓಡಿ ಹೋಗಿ, ಅಮ್ಮ ಆಚೆ ಕೂತಿದಾಳೆ, ತಿಥಿ ಐದನೇ ದಿನಕ್ಕೆ ಅಂತ ಹೇಳಿ ಬರ್ತಿದ್ದೋನು ಇವನೇ."

ನಾನು ಎದ್ದು ವರಾಂಡಕ್ಕೆ ಹೋದೆ. ಅವರು ಬೀದಿ ನೋಡುತ್ತಾ ಕೂತಿದ್ದರು.

"ನಿಮಗೆ ನೆನಪಿತ್ತಾ?" ಎಂದು ಕೇಳಿದೆ.

ಇಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದೆ, ನಂಬಲು ಕಾದುಕೊಂಡೇ ನಿಂತಿದ್ದೆ.

"ನೆನಪಿತ್ತು" ಎಂದರು. ನನ್ನ ಕಡೆ ತಿರುಗದೆ, "ಸಾಕಾಗಿತ್ತು ಕಣೆ ನನಗೆ. ಆ ಬಾಟ್ಲಿ ಹಿಡ್ಕೊಂಡು ಬಚ್ಚಲಲ್ಲಿ ನಿಂತ್ಕೊಳ್ಳೋದು. ತಿಥಿ ಅಂದಾಗ, ಅಬ್ಬಾ, ಬಚಾವಾದೆ ಅನ್ನಿಸ್ತು" ಎಂದರು.

ಅವರ ಕೈಗಳು ಕುರ್ಚಿಯ ತೋಳಿನ ಮೇಲಿದ್ದವು. ಬಚ್ಚಲಿನ ಬಾಗಿಲ ಸಂದಿಯಿಂದ ಬಾಟಲಿ ಚಾಚುವಾಗ ಪ್ರತಿ ಸಲ ನಡುಗುತ್ತಿದ್ದ ಕೈಗಳು. ಆ ಬುಧವಾರ ಮಧ್ಯದ ಪಿಂಡವನ್ನು ನನ್ನ ಅಂಗೈಗೆ ಇಟ್ಟಾಗ ಅವು ನಡುಗಿರಲಿಲ್ಲ.